ಸುಗಂಧಾ ಚಿಕ್ಕಮ್ಮನ ಫಸ್ಟ್ ಕ್ಲಾಸ್ ದಿಬ್ಬಣ

ನಮ್ಮ ಸುಗಂಧಾ ಚಿಕ್ಕಮ್ಮ ಬಸ್ ಕಂಡಕ್ಟರ್. ಅಂಕೋಲೆಯಿಂದ ಕಾರವಾರಕ್ಕೆ, ಕಾರವಾರದಿಂದ ಅಂಕೋಲೆಗೆ, ನಡುನಡುವೆ ಕಾಳಿ ಹೊಳೆ ದಾಟಿ ಸದಾಶಿವಗಡಕ್ಕೆ. ವರ್ಷಗಟ್ಟಲೆ ಅದೇ ದಾರಿಯಲ್ಲಿ ನಿಂತುಕೊಂಡೇ ಓಡಾಡಿದವಳು. ಆ ದಾರಿಯ ಜನ ಅವಳ ಹೆಸರು ಮರೆತಾರು, ಬಾಯಿ ಮರೆಯಲಾರರು. ಹೆಂಗಸರ ಸೀಟಿನಲ್ಲಿ ಕೂತು ನಿದ್ದೆ ಬಂದವರಂತೆ ಕಣ್ಣು ಮುಚ್ಚುವ ಗಂಡಸರ ಕಿವಿಯ ಪಕ್ಕದಲ್ಲೇ ಸೀಟಿ ಊದಿ ಎಬ್ಬಿಸುತ್ತಾಳೆ. ಒಮ್ಮೆ ಹಾಗೆ ಎಬ್ಬಿಸಿದ್ದು ನಮ್ಮಪ್ಪನನ್ನೇ. ಆಮೇಲೆ ಅಪ್ಪ ಅವಳ ಬಸ್ಸು ಹತ್ತಿದ್ದನ್ನು ಯಾರೂ ನೋಡಿಲ್ಲ.

ಅಪ್ಪ ಅಂದರೆ ರಾಮನಾಥ, ಚಿಕ್ಕಮ್ಮನ ಗಂಡನ ಅಣ್ಣ, ನಮ್ಮ ಮನೆಯ ಯಜಮಾನ. ಚಿಕ್ಕಪ್ಪ ದುರ್ಗಪ್ಪ ಬಸ್ ಡ್ರೈವರ್ ಆಗಿದ್ದ. ಅವನು ತೀರಿಕೊಂಡಾಗ ಮಗಳು ವಿಜೇತಾ ಅಂಗನವಾಡಿಗೆ ಹೋಗುತ್ತಿದ್ದಳು. ಗಂಡನ ನೌಕರಿಯ ಬದಲಿಗೆ ಹೆಂಡತಿಗೆ ಕಂಡಕ್ಟರ್ ಕೆಲಸ ಕೊಡುತ್ತೇವೆ ಎಂದು ಡಿಪೋದವರು ಹೇಳಿದಾಗ ಅಪ್ಪ ಮನೆಯಲ್ಲಿ ದೊಡ್ಡ ರಂಪವನ್ನೇ ಮಾಡಿದ್ದನಂತೆ.

"ನಮ್ಮನೆ ಹೆಂಗಸು ಖಾಕಿ ಹಾಕ್ಕಂಡು, ಗಂಡಸರ ನಡುವೆ ನಿಂತ್ಕಂಡು ಸೀಟಿ ಊದೂದು ಅಂದ್ರೆ ಎಂತ?"

"ಊದದೇ ಇದ್ರೆ ಬಸ್ಸು ನಿಲ್ಲೂದಿಲ್ಲ ಬಾವಾ," ಅಂದಳಂತೆ ಚಿಕ್ಕಮ್ಮ. ಗಂಡ ಸತ್ತು ತಿಂಗಳು ತುಂಬುವುದರೊಳಗೆ ಹಾಗೆ ಉತ್ತರ ಕೊಟ್ಟ ಹೆಂಗಸನ್ನು ನಮ್ಮ ಮನೆ ಅದಕ್ಕೆ ಮೊದಲು ಕಂಡಿರಲಿಲ್ಲ.

ಅವಳ ತವರು ಚೆಂಡಿಯಾ. ಗದ್ದೆ, ಮನೆ, ತೆಂಗಿನ ಮರ ಎಲ್ಲ ನೌಕಾನೆಲೆಗೆ ಹೋಗಿ, ತವರಿನವರು ಪುನರ್ವಸತಿಯ ಸಾಲುಮನೆಯಲ್ಲಿದ್ದಾರೆ. ಅವಳ ಅಪ್ಪ ಜಟ್ಟಪ್ಪ ಅಡುಗೆಯ ಪಾತ್ರೆಗಳನ್ನು ಲಾರಿಗೆ ಹಾಕುವವರೆಗೂ ಜಗಲಿ ಬಿಟ್ಟು ಏಳಲಿಲ್ಲವಂತೆ. ಮೊಂಡುತನ ರಕ್ತದಲ್ಲೇ ಬಂದದ್ದು ಎಂದು ನಮ್ಮಪ್ಪ ಆಗಾಗ ಹೇಳುತ್ತಾನೆ. ಬೈಯುವುದಕ್ಕೆಂದೇ ಹೇಳುತ್ತಾನೆ, ಆದರೆ ಮಾತು ಸುಳ್ಳಲ್ಲ.

ಈ ಫೆಬ್ರವರಿಯಲ್ಲಿ ವಿಜೇತಾಳ ಮದುವೆ ನಿಶ್ಚಯವಾಯಿತು. ಹುಡುಗ ಗುರುಪ್ರಸಾದ, ಗೋವಾದ ಕಾಣಕೋಣದವನು. ಮದುವೆ ಅವರ ಊರಲ್ಲೇ. ಹೆದ್ದಾರಿಯ ಕೆಲಸ, ಧೂಳು, ಮುದುಕರಿಗೆ ಬಸ್ಸಿನಲ್ಲಿ ವಾಂತಿ ಎಂದೆಲ್ಲ ಲೆಕ್ಕ ಹಾಕಿ, ದಿಬ್ಬಣ ರೈಲಿನಲ್ಲಿ ಹೋಗುವುದು ಎಂದು ಅಪ್ಪನೇ ತೀರ್ಮಾನಿಸಿದ. ಎಲ್ಲರಿಗೂ ಸ್ಲೀಪರ್ ಬೋಗಿಯಲ್ಲಿ ಟಿಕೇಟು ಮಾಡಿಸಿದ. ಅಲ್ಲಿಯವರೆಗೆ ಯಾರಿಗೂ ತಕರಾರಿರಲಿಲ್ಲ.

ತಕರಾರು ಬಂದದ್ದು ವೀಳ್ಯದಿಂದ. ನಮ್ಮ ಮನೆತನದಲ್ಲಿ ಮದುಮಗಳ ದಿಬ್ಬಣ ದೊಡ್ಡ ಹೊಳೆ ದಾಟುವಾಗ ಹೊಳೆಗೆ ವೀಳ್ಯ ಕೊಡಬೇಕು. ಎರಡು ಎಲೆ, ಒಂದು ಅಡಿಕೆ, ಒಂದು ಹೂವು, ನಾಲ್ಕು ಕಾಳು ಅರಿಶಿನದ ಅಕ್ಕಿ. ಮದುಮಗಳು ಮುಟ್ಟಬೇಕು, ತಾಯಿ ನೀರಿಗೆ ಬಿಡಬೇಕು. ಇಷ್ಟು ದಿನ ಈ ದಡದಲ್ಲಿದ್ದ ಮಗು ಇನ್ನು ಆ ದಡದ್ದು, ಕಾಯ್ದುಕೋ ಎಂದು ಹೊಳೆಗೆ ಹೇಳಿ ಒಪ್ಪಿಸುವುದು. ದೋಣಿಯ ಕಾಲದ ಪದ್ಧತಿ, ಈಗ ಟೆಂಪೋ ಕಿಟಕಿಯಿಂದ ನಡೆಯುತ್ತದೆ. ಕಾಳಿ ಸೇತುವೆಯ ಮೇಲೆ ತನ್ನ ಬಸ್ಸಿನ ಪಕ್ಕದಲ್ಲೇ ಹೋಗುವ ದಿಬ್ಬಣದ ಟೆಂಪೋಗಳನ್ನು ಚಿಕ್ಕಮ್ಮ ಎಷ್ಟು ನೋಡಿದ್ದಳೋ. ಕಿಟಕಿಯಿಂದ ಬಳೆ ತುಂಬಿದ ಕೈಯೊಂದು ಹೊರಬರುತ್ತದೆ, ವೀಳ್ಯ ಬಿಡುತ್ತದೆ, ಒಳಗೆ ಹೋಗುತ್ತದೆ. ಅಂಥ ದಿನ ಅವಳು ಮನೆಗೆ ಬಂದು ವಿಜೇತಾಳ ತಲೆಗೆ ಎಣ್ಣೆ ಹಚ್ಚುತ್ತ ಹೇಳುವುದಿತ್ತು, "ನಿಂದು ನಾನೇ ಬಿಡ್ತೆ, ನೋಡ್ತಿರು."

ಆದರೆ ಪದ್ಧತಿಗೆ ಒಂದು ಬಾಲವಿದೆ. ತಾಯಿ ವಿಧವೆಯಾಗಿದ್ದರೆ ಬೇರೆ ಮುತ್ತೈದೆ ಕೊಡಬೇಕು.

"ಚಂಪಾ ಕೊಡ್ತಾಳೆ," ಅಂದ ಅಪ್ಪ, ಊಟ ಮಾಡುತ್ತಲೇ. ಚಂಪಾ ಅಂದರೆ ನನ್ನ ತಾಯಿ. "ಸುಗಂಧಾ, ನೀನು ಹಿಂದಿನ ಸೀಟಲ್ಲಿ ಕೂತ್ಕ. ಹೊಳೆ ಬಂದಾಗ ಮುಂದೆ ಬರೂದು ಬ್ಯಾಡ."

ಅಮ್ಮ ತಲೆ ತಗ್ಗಿಸಿ ಸಾರು ಬಡಿಸಿದಳು. ನಾಗಮ್ಮಜ್ಜಿ, ಅಪ್ಪನ ತಾಯಿ, ಮೂಲೆಯಲ್ಲಿ ಕೂತು ಎಲೆಅಡಿಕೆಯ ಕವಳ ಕುಟ್ಟುತ್ತಿದ್ದಳು. ಚಿಕ್ಕಮ್ಮ ಮಾತಾಡಲಿಲ್ಲ, ಹಾಗಾಗಿ ನನಗೆ ಹೆದರಿಕೆಯಾಯಿತು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೂ ಸುಮ್ಮನಿರದ ಹೆಂಗಸು ಸುಮ್ಮನಿದ್ದಾಳೆ ಅಂದರೆ ಒಳಗೆ ಏನೋ ಬೇಯುತ್ತಿದೆ ಎಂದೇ ಅರ್ಥ.

ಮರುದಿನ ಅವಳು ನನ್ನನ್ನು ಬಾವಿಕಟ್ಟೆಗೆ ಕರೆದಳು. "ನಿಶಾ, ರೈಲಲ್ಲಿ ಒಳಗಿಂದ ಚಿಲಕ ಹಾಕ್ಕಳೂಕೆ ಬರೂ ಡಬ್ಬಿ ಯಾವ್ದು?"

"ಫಸ್ಟ್ ಕ್ಲಾಸ್, ಚಿಕ್ಕಮ್ಮ. ಸಣ್ಣ ಸಣ್ಣ ಕೋಣೆ ಇರ್ತದೆ, ಬಾಗಿಲು ಇರ್ತದೆ."

"ಮೂರು ಜನಕ್ಕೆ ಮಾಡ್ಸು. ನಾನು, ವಿಜೇತಾ, ಮದುಮಗಳ ಜೊತೆಗೆ ಅಂತ ನೀನು. ಆ ಬಾಗಿಲು ಹಾಕ್ಕಂಡು ನಾ ನನ್ನ ಮಗಳ ವೀಳ್ಯ ಕೊಡ್ತೆ. ನಿಮ್ಮಪ್ಪ ಹೊರಗೆ ನಿಂತು ಬಡೀಲಿ."

ಮೊಬೈಲಿನಲ್ಲಿ ಟಿಕೇಟು ಮಾಡಿದವಳು ನಾನು. ಇದನ್ನು ಓದಿದರೆ ಅಪ್ಪನಿಗೆ ಗೊತ್ತಾಗುತ್ತದೆ, ಗೊತ್ತಾಗಲಿ. ಹೆತ್ತು, ಸಾಕಿ, ಓದಿಸಿದವಳ ಕೈ ಮೈಲಿಗೆ, ಒಂದು ದಿನವೂ ವಿಜೇತಾಳ ಜಡೆ ಹಾಕದ ಕೈ ಮಡಿ ಎಂಬ ನ್ಯಾಯ ನನಗೆ ಇವತ್ತಿಗೂ ತಲೆಗೆ ಹತ್ತಿಲ್ಲ. ನನ್ನ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳನ್ನು ಯಾರೂ ಕೇಳಲೇ ಇಲ್ಲ.

ದಿಬ್ಬಣದ ದಿನ ಬೆಳಿಗ್ಗೆ ಅಂಕೋಲೆ ಸ್ಟೇಶನ್ನಿನಲ್ಲಿ ನಮ್ಮವರೆಲ್ಲ ಚೀಲ, ಬುಟ್ಟಿ, ಹೂವಿನ ಪೊಟ್ಟಣ ಹಿಡಿದುಕೊಂಡು ಸ್ಲೀಪರ್ ನಿಲ್ಲುವ ಜಾಗದಲ್ಲಿ ನಿಂತಿದ್ದರು. ಗಾಡಿ ಬಂದಾಗ ಚಿಕ್ಕಮ್ಮ ವಿಜೇತಾಳ ಕೈ ಹಿಡಿದು ಮುಂದಕ್ಕೆ ನಡೆದಳು.

"ಏ ಸುಗಂಧಾ, ಎಲ್ಲಿ ಹೊಂಟಿ? ನಮ್ಮ ಬೋಗಿ ಇಲ್ಲಿ," ಎಂದು ಅಪ್ಪ ಕೂಗಿದ.

"ನಮ್ಮ ಟಿಕೇಟು ಬೇರೆ ಅದೆ ಬಾವಾ."

ಅಪ್ಪ ಬಾಯಿ ತೆರೆದ. ಗಾಡಿ ಅಂಕೋಲೆಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಅವನು ಅಜ್ಜಿಯನ್ನು ಹತ್ತಿಸಬೇಕು, ಬುಟ್ಟಿಗಳನ್ನು ಹತ್ತಿಸಬೇಕು. ಬೈಗುಳ ಅವನ ಬಾಯಲ್ಲೇ ಉಳಿಯಿತು.

ಫಸ್ಟ್ ಕ್ಲಾಸಿನ ಕೋಣೆಯಲ್ಲಿ ನಾಲ್ಕು ಮಲಗುವ ಜಾಗ, ನೆಲಕ್ಕೆ ಹಾಸು, ಗೋಡೆಗೆ ಕನ್ನಡಿ, ಕಿಟಕಿಗೆ ಪರದೆ. ನಾಲ್ಕನೆಯವರು ಯಾರೂ ಇರಲಿಲ್ಲ, ಆ ಜಾಗದಲ್ಲಿ ವೀಳ್ಯದ ಬುಟ್ಟಿ ಕೂತಿತು. ಚಿಕ್ಕಮ್ಮ ಬಾಗಿಲು ಎಳೆದು ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿ ನೋಡಿದಳು. ಆಮೇಲೆ ಸೀಟಿನ ತುದಿಯಲ್ಲಿ ಕೂತಳು, ಯಾರಾದರೂ ಏಳು ಅಂದರೆ ಎದ್ದುಬಿಡುವ ಹಾಗೆ.

"ಒರಗಿ ಕೂತ್ಕಳೆ ಆಯಿ," ಅಂದಳು ವಿಜೇತಾ.

"ಕೂತೇ ರೂಢಿ ಇಲ್ಲ ಮಾರಾಯ್ತಿ, ಒರಗೂದು ಎಲ್ಲಿಂದ." ಹಾಗೆನ್ನುತ್ತ ಹಿಂದೆ ಸರಿದು ಬೆನ್ನು ಒರಗಿಸಿದಳು. ನಂತರ ಚಪ್ಪಲಿ ಬಿಟ್ಟು ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿದಳು. ಅವಳು ಹಾಗೆ ಕೂತದ್ದನ್ನು ನಾನು ಮನೆಯಲ್ಲೂ ಕಂಡಿರಲಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಕಾಲು ಮಡಚಿ ಕೂರುವವರು ಗಂಡಸರು.

ಹೊರಗೆ ಗದ್ದೆಗಳು ಹೋಗುತ್ತಿದ್ದವು. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಶೇಂಗಾ ಹಸಿರಾಗಿತ್ತು, ಕಲ್ಲಂಗಡಿ ಬಳ್ಳಿ ಹರಡಿತ್ತು. ಹೆಂಗಸರು ಕೊಡದಲ್ಲಿ ನೀರು ಹೊತ್ತು ಸಾಲಿಗೆ ಹಾಕುತ್ತಿದ್ದರು. ಒಬ್ಬಳು ತಲೆಯೆತ್ತಿ ಗಾಡಿಯ ಕಡೆ ನೋಡಿ ಏನೋ ಕೂಗಿ ನಕ್ಕಳು. ಚಿಕ್ಕಮ್ಮ ಇಲ್ಲಿಂದ ಕೈ ಬೀಸಿದಳು. ಹಾರವಾಡ ಬಂತು, ತೆಂಗಿನ ಮರಗಳ ಸಂದಿಯಲ್ಲಿ ಸಮುದ್ರ ಒಮ್ಮೆ ಕಂಡು ಮರೆಯಾಯಿತು. ಹೆದ್ದಾರಿ ಕಂಡಾಗ ಅವಳು ಗಾಜಿಗೆ ಮೂಗು ತಾಗಿಸಿದಳು.

"ಅದೋ, ನಮ್ಮ ಬಸ್ಸು. ಇವತ್ತು ನನ್ನ ಬದಲಿಗೆ ಆ ಹೊನ್ನು ಡ್ಯೂಟಿ. ಪಾಪ, ನಿಂತಿರ್ತಾಳೆ." ನಕ್ಕಳು. ಇಡೀ ಜನ್ಮದಲ್ಲಿ ತನ್ನ ದಾರಿಯನ್ನು ಕೂತುಕೊಂಡು ನೋಡಿದ್ದು ಅವತ್ತೇ. ಅವಳ ಮುಖದಲ್ಲಿದ್ದ ಖುಷಿ ನೋಡಿ ನನಗೆ ಅಳು ಬಂತು, ಮದುಮಗಳ ಬದಲು ನಾನು ಅತ್ತರೆ ಚೆನ್ನಾಗಿರುವುದಿಲ್ಲ ಎಂದು ತಡೆದುಕೊಂಡೆ.

ಚೆಂಡಿಯಾದ ಹತ್ತಿರ ಗುಡ್ಡ ಬಂದಾಗ ಅವಳ ನಗು ನಿಂತಿತು. "ಆ ಗುಡ್ಡದ ಆಚೆ ನಮ್ಮನೆ ಇತ್ತು," ಅಂದಳು ಮಗಳಿಗೆ, ಎಷ್ಟೋ ಸಲ ಹೇಳಿದ್ದನ್ನೇ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಟಿಕೇಟು ನೋಡುವವರು. ವಯಸ್ಸಾದವರು, ಸೌಮ್ಯ ಮನುಷ್ಯ. ಚಿಕ್ಕಮ್ಮ ಸೀಟಿನಲ್ಲಿ ಜಾಗ ಮಾಡಿದಳು.

"ಕೂತ್ಕಳಿ ಸರ್, ಎರಡು ನಿಮಿಷ. ನಾನೂ ಕಂಡಕ್ಟರೇ. ಕಾಲು ಎಂತ ಆಗ್ತದೆ ಅಂತ ನಂಗೊತ್ತು."

ಅವರು ನಕ್ಕರು, ಕೂರಲಿಲ್ಲ. ಮದುಮಗಳಿಗೆ ಒಳ್ಳೆಯದಾಗಲಿ ಎಂದರು. ಹೊರಡುವಾಗ ಚಿಕ್ಕಮ್ಮ ಕೇಳಿದಳು, "ಸರ್, ಈ ಕಿಟಕಿ ಹ್ಯಾಂಗೆ ತೆಗೆಯೂದು? ಹಿಡಿಕೆ ಕಾಣೂದಿಲ್ಲ."

"ಇದು ಎಸಿ ಬೋಗಿ ಅಮ್ಮ. ಈ ಕಿಟಕಿ ತೆಗೆಯೋಕೆ ಬರೋದಿಲ್ಲ."

ನಾವು ಮೂವರೂ ಕಿಟಕಿ ನೋಡಿದೆವು. ನಾನು ಎಸಿ ಗಾಡಿಯಲ್ಲಿ ಎಷ್ಟೋ ಸಲ ಓಡಾಡಿದವಳು, ಡಿಗ್ರಿ ಓದಿದವಳು. ಬಾಗಿಲಿಗೆ ಚಿಲಕ ಇದೆಯೇ ಎಂದು ಅವಳು ಕೇಳಿದಳು, ಇದೆ ಎಂದು ನಾನು ಹೇಳಿದೆ. ಕಿಟಕಿಯ ಮಾತು ಇಬ್ಬರಿಗೂ ಹೊಳೆಯಲಿಲ್ಲ. ಬಸ್ಸಿನಲ್ಲಿ ಬದುಕಿದವಳಿಗೆ ಕಿಟಕಿ ಅಂದ ಮೇಲೆ ಗಾಜು ಸರಿಯಲೇಬೇಕು. ಸರಿಯದಿದ್ದರೆ ಅದು ಡಿಪೋದಲ್ಲಿ ರಿಪೇರಿಗೆ ಬರೆಸುವ ಸಂಗತಿ.

"ಹಾಗಾದ್ರೆ ಬೋಗಿ ಬಾಗಿಲು?" ಎಂದು ನಾನು ಕೇಳಿದೆ. ಹೊಳೆಗೆ ವೀಳ್ಯ ಕೊಡುವುದಿದೆ ಎಂದು ವಿವರಿಸಿದೆ.

"ಓಡೋ ಗಾಡಿಯ ಬಾಗಿಲಲ್ಲಿ, ಅದೂ ಸೇತುವೆ ಮೇಲೆ, ನಿಲ್ಲೋಕೆ ನಾನು ಬಿಡೋಕಾಗೋದಿಲ್ಲ ಮಗಳೇ." ಅವರಿಗೆ ನಿಜವಾಗಿಯೂ ಬೇಜಾರಾದ ಹಾಗಿತ್ತು.

"ಬ್ಯಾಡ, ಅವ್ರು ಹೇಳೂದು ಸಮ," ಅಂದಳು ಚಿಕ್ಕಮ್ಮ. "ಫುಟ್‌ಬೋರ್ಡ್ ಮೇಲೆ ನಿಂತವರಿಗೆ ದಿನಾ ಬೈಯೂದು ನಾನು. ಈಗ ನಾನೇ ಹೋಗಿ ನಿಲ್ಲೂದಾ?"

ಅವರು ಹೋದರು. ಚಿಕ್ಕಮ್ಮ ಕಾಲು ಇಳಿಸಿ ಕೂತಳು. ವಿಜೇತಾ ಅವಳ ತೊಡೆಯ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡೆ ಆಯಿ. ಮನಸ್ಸಲ್ಲೇ ಕೊಟ್ಟುಬಿಡು. ನಂಗೆ ಅಷ್ಟೇ ಸಾಕು," ಅಂದಳು. ಅಷ್ಟರಲ್ಲಿ ಗಾಡಿ ಸುರಂಗದೊಳಗೆ ನುಗ್ಗಿತು. ಗಾಜಿನಾಚೆ ಎಲ್ಲ ಕಪ್ಪಾಗಿ, ಅದರಲ್ಲಿ ನಮ್ಮ ಮೂವರ ಮುಖ ಕಂಡಿತು.

"ಮನಸ್ಸಲ್ಲಿ ಕೊಡೂದು ಬಹಳ ಆಯ್ತು," ಅಂದಳು ಚಿಕ್ಕಮ್ಮ. ಗಟ್ಟಿಯಾಗಿ ಹೇಳಲಿಲ್ಲ. "ಊರು ಬಿಟ್ಟು ಹೊರಡಿ ಅಂದ್ರು, ಮನಸ್ಸಲ್ಲೇ ಅತ್ತು ಹೊರಟೆವು. ನಿನ್ನ ಅಪ್ಪ ಹೋದ ಮೇಲೆ ನಿನ್ನ ಪ್ರತಿ ಕೆಲಸದಲ್ಲಿ ಹಿಂದೆ ನಿಲ್ಲು ಅಂದ್ರು, ನಿಂತೆ. ದಿನವಿಡೀ ಜನಕ್ಕೆ ಮುಂದೆ ಹೋಗಿ, ಮುಂದೆ ಹೋಗಿ ಅಂತ ಕೂಗೂದು ನನ್ನ ಕೆಲಸ. ನಂಗೆ ಮಾತ್ರ ಎಲ್ಲರೂ ಹಿಂದೆ ಹೋಗು ಅಂತಾರೆ."

ಸುರಂಗ ಉದ್ದವಿತ್ತು.

"ಆದ್ರೆ ನಾನೂ ಎಂತ ಮಾಡ್ದೆ ನೋಡು," ಎಂದು ಅವಳು ಬಾಗಿಲಿನ ಚಿಲಕದ ಕಡೆ ಕೈ ಮಾಡಿದಳು. "ಚಿಲಕ ಹಾಕ್ಕಂಡು ಕೊಡೂದು ಅಂದ್ರೆ ಕದ್ದು ಕೊಟ್ಟ ಹಾಂಗೆ. ನಾ ಎಂತ ಕದ್ದಿದ್ದೆ? ಹೆತ್ತದ್ದು ನಾನು. ಕದ್ದು ಎಂತಕೆ ಕೊಡ್ಬೇಕು?" ಬೆಳಕು ಬಂದಾಗ ಅವಳು ಎದ್ದು ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ವೀಳ್ಯದ ಬುಟ್ಟಿ ಕಂಕುಳಲ್ಲಿ.

"ಕಾರವಾರದಲ್ಲಿ ಇಳಿಯೂದು. ಸ್ಲೀಪರಿನ ಕಿಟಕಿ ತೆರೀತದೆ."

"ಅಲ್ಲಿ ಅಪ್ಪ ಇದ್ದಾನೆ ಚಿಕ್ಕಮ್ಮ. ಎಲ್ಲರೂ ಇದ್ದಾರೆ," ಅಂದೆ.

"ಇರ್ಲಿ. ಅದಕ್ಕೇ ಹೋಗೂದು."

ಕಾರವಾರದ ಪ್ಲಾಟ್‌ಫಾರ್ಮಿನಲ್ಲಿ ನಾವು ಮೂವರು ಓಡಿದ್ದನ್ನು ನೋಡಿದವರು ಯಾರಾದರೂ ಇದ್ದರೆ ಅವರು ಅದನ್ನು ಮರೆತಿರಲಾರರು. ಮುಂದೆ ಚಿಕ್ಕಮ್ಮ, ಕಂಡಕ್ಟರ್ ದನಿಯಲ್ಲಿ "ದಾರಿ ಬಿಡಿ, ದಾರಿ ಬಿಡಿ" ಎನ್ನುತ್ತ. ಅವಳ ಹಿಂದೆ ನಿರಿಗೆ ಎತ್ತಿಕೊಂಡ ಮದುಮಗಳು, ಬಾಸಿಂಗ ಒಂದಿಲ್ಲ ಅನ್ನುವುದು ಬಿಟ್ಟರೆ ಮೈತುಂಬ ಒಡವೆ. ಕೊನೆಯಲ್ಲಿ ಮೂರು ಚೀಲ ಹೊತ್ತ ನಾನು. ಟೀ ಮಾರುವವನೊಬ್ಬ ಕ್ಯಾನು ಎತ್ತಿ ಪಕ್ಕಕ್ಕೆ ಹಾರಿದ. ಗಾಡಿ ಕೂಗುವಾಗ ನಾವು ಸ್ಲೀಪರಿನೊಳಗೆ ಕಾಲಿಟ್ಟೆವು.

ನಮ್ಮವರೆಲ್ಲ ಎದುರುಬದುರಾಗಿ ಕೂತಿದ್ದರು. ಒಂದು ಕಿಟಕಿಯ ಪಕ್ಕ ಅಮ್ಮ, ಮಡಿಲಲ್ಲಿ ಇನ್ನೊಂದು ವೀಳ್ಯದ ತಟ್ಟೆ. ಮದುಮಗಳು ಮುಟ್ಟದ ವೀಳ್ಯವನ್ನು ಕೊಡುವುದಕ್ಕೆ ಅಪ್ಪ ಅವಳನ್ನು ಸಜ್ಜು ಮಾಡಿ ಕೂರಿಸಿದ್ದ. ಅವಳ ಎದುರಿನ ಕಿಟಕಿಯಲ್ಲಿ ನಾಗಮ್ಮಜ್ಜಿ. ನಡುವೆ ಅಪ್ಪ, ನಮ್ಮನ್ನು ನೋಡಿ ಎದ್ದು ದಾರಿಗೆ ಅಡ್ಡ ನಿಂತ.

"ಫಸ್ಟ್ ಕ್ಲಾಸ್ ಮುಗೀತಾ?"

"ಮುಗೀತು. ಅಲ್ಲಿ ಕಿಟಕಿ ತೆರೆಯೂದಿಲ್ಲ. ಜಾಗ ಬಿಡಿ ಬಾವಾ."

"ಸುಗಂಧಾ, ಇದು ಹಟದ ಮಾತಲ್ಲ. ಹುಡುಗಿಯ ಬಾಳಿನ ಮಾತು. ನಾಳೆ ಅವಳಿಗೆ ಎಂತಾದ್ರೂ ಆದ್ರೆ ನೀನೇ ಅಳ್ತಿ." ಅಪ್ಪ ಕೆಟ್ಟವನಲ್ಲ. ಅವನು ನಿಜವಾಗಿಯೂ ಹೆದರಿದ್ದ. ಅವನ ಹೆದರಿಕೆಗೆ ಇಷ್ಟು ವರ್ಷ ಚಿಕ್ಕಮ್ಮ ದಂಡ ತೆತ್ತಿದ್ದಳು.

"ಅವಳಿಗೆ ಜ್ವರ ಬಂದಾಗ, ಪರೀಕ್ಷೆಗೆ ಹೋಗುವಾಗ ಈ ಕೈಯೇ ತಲೆ ಮುಟ್ಟಿದ್ದು," ಅಂದಳು ಚಿಕ್ಕಮ್ಮ. ಬೋಗಿಯ ಆ ತುದಿಯವರೂ ಈಗ ಕೇಳುತ್ತಿದ್ದರು. "ಆವಾಗ ಎಂತ ಆಗ್ಲಿಲ್ಲ. ಹೊಳೆ ಹಣೆ ನೋಡೂದಿಲ್ಲ ಬಾವಾ, ಕೈ ನೋಡ್ತದೆ. ಮುಂದೆ ಹೋಗಿ."

ಕೊನೆಯ ಎರಡು ಮಾತು ಅವಳು ಬಸ್ಸಿನಲ್ಲಿ ಹೇಳುವ ಧಾಟಿಯಲ್ಲೇ ಬಂದವು. ಅಪ್ಪ ಅಭ್ಯಾಸಬಲದಿಂದಲೋ ಏನೋ ಎರಡು ಹೆಜ್ಜೆ ಸರಿದುಬಿಟ್ಟ. ವಿಜೇತಾ ಆ ಸಂದಿಯಲ್ಲಿ ಒಳನುಗ್ಗಿ ನನ್ನ ತಾಯಿಯ ಎದುರು ನಿಂತಳು.

"ದೊಡ್ಡಮ್ಮ, ನಂಗೆ ಆಯಿ ಕೈಯಿಂದಲೇ ಆಗ್ಬೇಕು. ನೀವು ಬೇಜಾರು ಮಾಡ್ಕಬೇಡಿ."

ನನ್ನ ತಾಯಿ ಅಪ್ಪನ ಮುಖ ನೋಡಲಿಲ್ಲ. ಅದೇ ದೊಡ್ಡ ವಿಷಯ, ಯಾಕೆಂದರೆ ಅವಳು ನೀರು ಕುಡಿಯುವುದಕ್ಕೂ ಅಪ್ಪನ ಮುಖ ನೋಡುವವಳು. ತಟ್ಟೆಯನ್ನು ಸೀಟಿನ ಮೇಲಿಟ್ಟು ಎದ್ದಳು. "ಬಾ ಸುಗಂಧಾ, ಕೂತ್ಕ," ಅಂದಳು.

ಚಕ್ರದ ಸದ್ದು ಬದಲಾಯಿತು. ಸೇತುವೆ. ಕೆಳಗೆ ಕಾಳಿ, ಅಗಲಕ್ಕೆ, ಬಿಸಿಲಿನಲ್ಲಿ, ಆಚೆ ಸಮುದ್ರದ ಕಡೆಗೆ ಒಂದೆರಡು ದೋಣಿ. ಚಿಕ್ಕಮ್ಮ ಬುಟ್ಟಿಯ ವೀಳ್ಯ ಹಿಡಿದು ಸರಳುಗಳ ನಡುವೆ ಕೈ ಹೊರಹಾಕಿದಳು. ಬಳೆಯಿಲ್ಲದ ಕೈ, ಟಿಕೇಟು ಹರಿದು ಹರಿದು ಹೆಬ್ಬೆರಳು ಗಟ್ಟಿಯಾದ ಕೈ. ವಿಜೇತಾ ಅದರ ಮೇಲೆ ತನ್ನ ಕೈಯಿಟ್ಟಳು.

"ತಾಯೇ, ಇವಳು ನನ್ನ ಮಗಳು ವಿಜೇತಾ," ಎಂದು ಚಿಕ್ಕಮ್ಮ ಗಟ್ಟಿಯಾಗಿ ಹೇಳಿದಳು. "ನಾನೇ ಬೆಳೆಸಿದ್ದು. ನಾನೇ ಒಪ್ಪಿಸ್ತೆ. ಕಾಯ್ಕೋ."

ಎಲೆ ಗಾಳಿಗೆ ಒಮ್ಮೆ ಮೇಲೆ ಹಾರಿ ಕೆಳಗೆ ಹೋಯಿತು. ಚಿಕ್ಕಮ್ಮ ಆಗ ಅತ್ತಳು, ಎಲ್ಲರೆದುರು, ಸೆರಗಿನಿಂದ ಮುಖ ಮುಚ್ಚಿಕೊಳ್ಳದೆ.

"ಆಯ್ತಲ್ಲ ನಿಂಗೆ ಸಮಾಧಾನ," ಎಂದು ಅಪ್ಪ ಶುರು ಮಾಡಿದ. "ಪದ್ಧತಿ ಅಂತ ಒಂದು—"

ಎದುರು ಕಿಟಕಿಯಲ್ಲಿ ಅಜ್ಜಿ ಅಲುಗಾಡಿದಳು. ಅಮ್ಮ ಬಿಟ್ಟಿದ್ದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅಜ್ಜ ಬೇಗ ತೀರಿಕೊಂಡವನು. ಅಪ್ಪನ ಮೂವರು ಅಕ್ಕಂದಿರೂ ಆಮೇಲೆ ಮದುವೆಯಾಗಿ ಇದೇ ಹೊಳೆ ದಾಟಿದವರು, ಮೂವರ ವೀಳ್ಯವನ್ನೂ ಬೇರೆ ಯಾರೋ ಕೊಟ್ಟಿದ್ದರು. ಅಜ್ಜಿ ಮೂರು ಸಲವೂ ಮನೆಯಲ್ಲೇ, ಬಾಗಿಲ ಹಿಂದೆ ನಿಂತಿದ್ದಳು. ಈಗ ತಟ್ಟೆಯಲ್ಲಿದ್ದುದನ್ನೆಲ್ಲ ಕೈಯಲ್ಲಿ ಬಾಚಿ, ಎಲೆ, ಅಡಿಕೆ, ಹೂವು, ಅಕ್ಕಿ ಎಲ್ಲವನ್ನೂ ಸರಳಿನಾಚೆ ತೂರಿದಳು.

"ನನ್ನ ಮೂರೂ ಹೆಣ್ಮಕ್ಕಳದ್ದು ಇದು," ಎಂದು ಹೊಳೆಗೆ ಹೇಳಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ಈಗ ನಂಗೆ ಬೈ ನೋಡ್ವ, ರಾಮನಾಥ."

ಗಾಡಿ ಸೇತುವೆ ದಾಟಿತು. ಅಪ್ಪ ಬೈಯಲಿಲ್ಲ.